ಮಂಡಿ ಕೀಲು ಬದಲಾವಣೆಯ ನಂತರದ ಫಿಸಿಯೋಥೆರಪಿ ವೆಚ್ಚ: ನವೀಕರಣದಲ್ಲಿ ಷರತ್ತು ಬದಲಾದರೆ ಯಾವ ಪಾಲಿಸಿ ಅನ್ವಯ?

ಪ್ರಶ್ನೆ: ಹೇಮಾವತಿ ದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. 61 ವರ್ಷದ ನನ್ನ ತಾಯಿಯವರಿಗೆ 2025ರ ಅಕ್ಟೋಬರ್ 6ರಂದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಲಗಾಲಿನ ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆಯಿತು. 11ರಂದು ಮನೆಗೆ ಕಳುಹಿಸಿದರು. ಆಸ್ಪತ್ರೆಯ ಬಿಲ್ಲು ಕ್ಯಾಶ್‌ಲೆಸ್‌ನಲ್ಲಿ ದೊಡ್ಡ ತಕರಾರಿಲ್ಲದೆ ಮುಗಿದುದರಿಂದ ವಿಮೆಯ ಕೆಲಸ ಅಲ್ಲಿಗೆ ತೀರಿತು ಎಂದು ನಾವು ನೆಮ್ಮದಿಯಾಗಿದ್ದೆವು. ತೊಡಕು ಶುರುವಾದದ್ದು ಮನೆಗೆ ಬಂದ ಮೇಲೆ.

ನಮ್ಮ ಮನೆ ಸಕಲೇಶಪುರ ಪೇಟೆಯಿಂದ ಒಳಗೆ, ಕಾಫಿ ತೋಟದ ನಡುವೆ ಇದೆ. ನಾನು ಹಾಸನದಲ್ಲಿ ಕೆಲಸದಲ್ಲಿದ್ದೇನೆ. ದೀಪಾವಳಿ ಮುಗಿಯುವವರೆಗೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮಗಳನ್ನೇ ಅಮ್ಮ ಮಾಡಿಕೊಂಡರು. ಕಾಲು ನಿರೀಕ್ಷಿಸಿದಷ್ಟು ಮಡಿಸಲು ಬಾರದಿದ್ದುದರಿಂದ ಅಕ್ಟೋಬರ್ 27ರಿಂದ ಪೇಟೆಯ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೆ ಮೂರು ದಿನ ಮನೆಗೇ ಬಂದು ಚಿಕಿತ್ಸೆ ಕೊಟ್ಟರು. ಒಂದು ಸಲಕ್ಕೆ ₹700ರಂತೆ, ಜನವರಿ ಮೊದಲ ವಾರದವರೆಗೆ ಒಟ್ಟು 30 ಸಿಟ್ಟಿಂಗ್ ಆಗಿ ₹21,000 ಖರ್ಚಾಯಿತು.

ಈ ಮಧ್ಯೆ ನವೆಂಬರ್ 18ಕ್ಕೆ ಪಾಲಿಸಿ ನವೀಕರಣವಾಯಿತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಶೇಕಡ ಜಿಎಸ್‌ಟಿ ರದ್ದಾಗಿದ್ದುದರಿಂದ ಕಟ್ಟಬೇಕಾದ ಮೊತ್ತ ಹೋದ ವರ್ಷಕ್ಕಿಂತ ಕಡಿಮೆ ಬಂತು. ನಾವು ಅದನ್ನಷ್ಟೇ ನೋಡಿ ಸಂತೋಷದಿಂದ ಹಣ ಕಟ್ಟಿದೆವು. ಒಳಗಿನ ಹಾಳೆಗಳನ್ನು ಓದಿದ್ದು ಕ್ಲೇಮು ಕಡಿತವಾದ ಮೇಲೆ. ಹಳೆಯ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲಿನ 90 ದಿನಗಳ ವೆಚ್ಚ ಸಿಗುತ್ತಿತ್ತು, ಹೊಸದರಲ್ಲಿ ಅದು 60 ದಿನಕ್ಕೆ ಇಳಿದಿದೆ. ಫಿಸಿಯೋಥೆರಪಿಗೆ ಒಂದು ಸಿಟ್ಟಿಂಗ್‌ಗೆ ₹500ರ ಮಿತಿ ಬಂದಿದೆ. ಅರವತ್ತು ದಾಟಿದವರಿಗೆ 10 ಶೇಕಡ ಕೋ-ಪೇ, ಅಂದರೆ ಕ್ಲೇಮಿನಲ್ಲಿ ಅಷ್ಟು ಪಾಲನ್ನು ನಾವೇ ಭರಿಸಬೇಕೆಂಬ ಷರತ್ತು, ಕೂಡ ಸೇರಿದೆ.

ಕಂಪನಿಯವರು ಲೆಕ್ಕ ಹಾಕಿರುವುದು ಹೀಗೆ. ಡಿಸೆಂಬರ್ 10ಕ್ಕೆ 60 ದಿನ ಮುಗಿಯುವುದರಿಂದ ಆಮೇಲಿನ 11 ಸಿಟ್ಟಿಂಗ್‌ಗಳು ಪೂರ್ತಿ ತಿರಸ್ಕೃತ. ಉಳಿದ 19ಕ್ಕೆ ₹500ರಂತೆ ₹9,500, ಅದರಲ್ಲಿ ಕೋ-ಪೇ ಕಳೆದು ₹8,550. ಮಂಡಿಗೆ ಕಟ್ಟುವ ಬ್ರೇಸ್ ಮತ್ತು ವಾಕರ್‌ಗೆ ಏನೂ ಇಲ್ಲ. ಪತ್ರದ ಕೊನೆಯಲ್ಲಿ ‘ಪುನಶ್ಚೇತನ ಆರೈಕೆಯು ಎಕ್ಸ್‌ಕ್ಲೂಷನ್ 05ರ ಅಡಿ ಪಾಲಿಸಿಯಿಂದ ಹೊರಗಿದೆ’ ಎಂಬ ಸಾಲೂ ಇದೆ. ಹೊರಗಿದ್ದರೆ ₹8,550 ಕೊಟ್ಟದ್ದೇಕೆ ಎಂಬುದು ನನಗೆ ಅರ್ಥವಾಗಿಲ್ಲ.

ಶಸ್ತ್ರಚಿಕಿತ್ಸೆ ಹಳೆಯ ಪಾಲಿಸಿಯಲ್ಲಿ ಆಗಿ ಚಿಕಿತ್ಸೆಯ ಹೆಚ್ಚಿನ ಭಾಗ ಹೊಸದರಲ್ಲಿ ನಡೆದಾಗ ಯಾವ ಷರತ್ತು ಅನ್ವಯಿಸುತ್ತದೆ? ಅಮ್ಮನ ಎಡ ಮಂಡಿಯೂ ಇದೇ ದಾರಿಯಲ್ಲಿದೆ ಎಂದು ಡಾಕ್ಟರು ಹೇಳಿರುವುದರಿಂದ ಈ ಉತ್ತರ ನಮಗೆ ಒಂದು ಸಲದ ಮಾತಾಗಿ ಉಳಿಯುವಂತಿಲ್ಲ.

ಉತ್ತರ: ಹಳೇ ಕಡತ, ಚಿಕ್ಕಮಗಳೂರು

ಮೇಡಂ, ನಾನು ಸಾಮಾನ್ಯ ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿದ್ದು ನಿವೃತ್ತನಾದವನು. ನೀವು ಕೊಟ್ಟಿರುವ ದಿನಾಂಕಗಳನ್ನು ನೋಡಿದರೆ ನಿಮ್ಮ ಪಕ್ಷ ಗಟ್ಟಿಯಾಗಿದೆ. ಆದರೆ ನೀವು ಎಲ್ಲ ವಿಷಯಗಳನ್ನೂ ಒಂದೇ ದೂರಿನಲ್ಲಿ ಕಲಸಿದರೆ ಗೆಲ್ಲುವ ಅಂಶವೂ ಸೋಲುವ ಅಂಶದ ಜೊತೆ ಮುಳುಗುತ್ತದೆ. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಡಿಸ್ಚಾರ್ಜ್ ನಂತರದ ವೆಚ್ಚ ಎಂಬುದು ತನ್ನ ಕಾಲ ಮೇಲೆ ನಿಲ್ಲುವ ಕ್ಲೇಮು ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ವ್ಯಾಖ್ಯೆಯ ಪ್ರಕಾರ, ಯಾವ ಕಾಯಿಲೆಗಾಗಿ ರೋಗಿ ಆಸ್ಪತ್ರೆಗೆ ದಾಖಲಾದರೋ ಅದೇ ಕಾಯಿಲೆಗೆ ಸಂಬಂಧಿಸಿ, ಡಿಸ್ಚಾರ್ಜ್ ಆದ ಕೂಡಲೇ ಮೊದಲಾಗುವ ಗೊತ್ತಾದ ಅವಧಿಯೊಳಗೆ ಆದ ವೈದ್ಯಕೀಯ ವೆಚ್ಚ ಅದು. ಒಳರೋಗಿಯಾಗಿದ್ದ ಅವಧಿಯ ಕ್ಲೇಮು ಸ್ವೀಕಾರಾರ್ಹವಾಗಿದ್ದರೆ ಮಾತ್ರ ಅದೂ ಸ್ವೀಕಾರಾರ್ಹ. ಅಂದರೆ ಫಿಸಿಯೋಥೆರಪಿಯ ಬಿಲ್ಲು ಶಸ್ತ್ರಚಿಕಿತ್ಸೆಯ ಕ್ಲೇಮಿನ ಬಾಲ. ತಲೆ ಹಳೆಯ ಪಾಲಿಸಿಯಲ್ಲಿದ್ದು ಬಾಲವನ್ನು ಮಾತ್ರ ಹೊಸ ಪಾಲಿಸಿಯ ಕತ್ತರಿಗೆ ಕೊಡುವುದು ಸರಿಯಲ್ಲ. ದಾಖಲಾತಿ ಅಕ್ಟೋಬರ್ 6ರದ್ದು, ಆ ದಿನ ಜಾರಿಯಲ್ಲಿದ್ದದ್ದು 90 ದಿನದ ಪಾಲಿಸಿ. ಅದರ ಪ್ರಕಾರ ಅವಧಿ ಜನವರಿ 9ರವರೆಗೆ ಇರುತ್ತದೆ. ನಿಮ್ಮ 30 ಸಿಟ್ಟಿಂಗ್‌ಗಳೂ ಅದರೊಳಗೇ ಮುಗಿದಿವೆ.

ಕಂಪನಿಯವರು ಒಂದು ಷರತ್ತನ್ನು ತೋರಿಸಬಹುದು. ಕ್ಲೇಮಿನ ಘಟನೆ ಎರಡು ಪಾಲಿಸಿ ಅವಧಿಗಳಲ್ಲಿ ಹಂಚಿಹೋದರೆ ಎರಡೂ ಅವಧಿಗಳಲ್ಲಿ ಉಳಿದಿರುವ ವಿಮಾ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಂಡು ಪಾವತಿಸಬೇಕು ಎಂಬ ಷರತ್ತು ಬಹುತೇಕ ಪಾಲಿಸಿಗಳಲ್ಲಿದೆ. ಅದು ನವೀಕರಣದ ದಿನ ರೋಗಿ ಆಸ್ಪತ್ರೆಯಲ್ಲೇ ಮಲಗಿದ್ದಂಥ ಸಂದರ್ಭಕ್ಕೆ ಒಪ್ಪುವ ಮಾತು. ನಿಮ್ಮ ತಾಯಿಯವರು ನವೀಕರಣಕ್ಕೆ ಐದು ವಾರ ಮೊದಲೇ ಮನೆ ಸೇರಿದ್ದರು. ಈ ಷರತ್ತನ್ನು ಓದಿಕೊಂಡೇ ಪತ್ರ ಬರೆಯಿರಿ, ಅವರು ಅದನ್ನು ಎತ್ತುವ ಮೊದಲೇ ಉತ್ತರ ನಿಮ್ಮ ಪತ್ರದಲ್ಲಿರಲಿ.

ಎಕ್ಸ್‌ಕ್ಲೂಷನ್ 05ರ ವಿಷಯದಲ್ಲಿ ನನಗೆ ಸ್ವಲ್ಪ ಕೋಪವೇ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರವು ಎಲ್ಲ ಕಂಪನಿಗಳ ಹೊರಗಿಡುವ ಷರತ್ತುಗಳನ್ನು ಒಂದೇ ಭಾಷೆಗೆ ತಂದು, ಪ್ರತಿಯೊಂದಕ್ಕೂ ಒಂದು ಸಂಕೇತ ಕೊಟ್ಟಿತು. 05ರ ತಲೆಬರಹದಲ್ಲಿ ವಿಶ್ರಾಂತಿ, ಪುನಶ್ಚೇತನ ಎಂಬ ಪದಗಳಿರುವುದು ನಿಜ. ಆದರೆ ತಲೆಬರಹದ ಕೆಳಗಿನ ವಾಕ್ಯ ಹೇಳುವುದು, ಚಿಕಿತ್ಸೆ ಪಡೆಯುವುದಕ್ಕಲ್ಲದೆ ಮುಖ್ಯವಾಗಿ ಹಾಸಿಗೆಯ ವಿಶ್ರಾಂತಿಗೆಂದೇ ಆಸ್ಪತ್ರೆಗೆ ದಾಖಲಾದರೆ ಆ ದಾಖಲಾತಿಯ ವೆಚ್ಚ ಸಿಗದು ಎಂದು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು ಮೊದಲಾದ ದೈನಂದಿನ ನೆರವಿಗೆ ಮನೆಯಲ್ಲೋ ಆರೈಕೆ ಕೇಂದ್ರದಲ್ಲೋ ಆಗುವ ವೆಚ್ಚವೂ ಅದರಲ್ಲಿ ಸೇರಿದೆ. ಶಸ್ತ್ರಚಿಕಿತ್ಸಕರ ಸಲಹೆಯಂತೆ ತರಬೇತಾದ ಥೆರಪಿಸ್ಟ್ ಬಂದು ಕೀಲನ್ನು ಮಡಿಸಿ ಬಿಡಿಸುವುದು ಈ ಎರಡರಲ್ಲಿ ಯಾವುದೂ ಅಲ್ಲ. ತಲೆಬರಹ ಓದಿ ತಿರಸ್ಕರಿಸುವ ಅಭ್ಯಾಸ ನಾನು ಕೆಲಸದಲ್ಲಿದ್ದಾಗಲೂ ಕೆಲವು ಮೇಜುಗಳಲ್ಲಿತ್ತು.

ಬ್ರೇಸ್ ಮತ್ತು ವಾಕರ್ ವಿಚಾರದಲ್ಲಿ ಮಾತ್ರ ನೀವು ಶ್ರಮ ಪಡಬೇಡಿ. ಕಂಪನಿಯು ಕೊಡಬೇಕಾಗಿಲ್ಲದ ವಸ್ತುಗಳ ಪಟ್ಟಿಯೊಂದು ಪಾಲಿಸಿಯ ಅನುಬಂಧದಲ್ಲಿದೆ. ಮಂಡಿಯ ಬ್ರೇಸ್, ನಡೆಯಲು ನೆರವಾಗುವ ಸಾಧನ, ಸೊಂಟದ ಬೆಲ್ಟ್, ಕ್ರೇಪ್ ಬ್ಯಾಂಡೇಜ್ ಎಲ್ಲವೂ ಅದರಲ್ಲಿವೆ. ಅಂಥ ವಸ್ತುಗಳಿಗೆಂದೇ ಬೇರೆ ಪ್ರೀಮಿಯಂ ಕಟ್ಟಿ ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ಮಾತು ಬೇರೆ.

ನವೀಕರಣದ ಬದಲಾವಣೆಯನ್ನು ಕುರಿತು ಇನ್ನೊಂದು ಪ್ರಶ್ನೆ ಕೇಳಬೇಕು. ಪಾಲಿಸಿಯ ಷರತ್ತು ಪರಿಷ್ಕರಿಸಿದರೆ ಅದು ಜಾರಿಗೆ ಬರುವ ಮೂರು ತಿಂಗಳ ಮೊದಲು ಗ್ರಾಹಕರಿಗೆ ತಿಳಿಸುವುದಾಗಿ ಪಾಲಿಸಿಯ ಸಾಮಾನ್ಯ ಷರತ್ತುಗಳಲ್ಲೇ ಬರೆದಿರುತ್ತಾರೆ. ನಿಮ್ಮದರಲ್ಲೂ ಆ ಸಾಲಿದೆಯೇ ನೋಡಿ, ಇದ್ದರೆ ಆ ತಿಳಿವಳಿಕೆ ಪತ್ರ ಯಾವ ದಿನ, ಯಾವ ಇ-ಮೇಲಿಗೆ ಬಂತೆಂದು ಕೇಳಿ. 2025ರ ಜನವರಿಯಲ್ಲಿ ಪ್ರಾಧಿಕಾರವು ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ 10 ಶೇಕಡಕ್ಕಿಂತ ಹೆಚ್ಚು ಏರಿಸಕೂಡದೆಂದು ಆದೇಶಿಸಿತು. ಬೆಲೆಗೆ ಬೇಲಿ ಹಾಕಿದಾಗ ಚೀಲವೇ ಚಿಕ್ಕದಾಗುವುದು ವ್ಯಾಪಾರದಲ್ಲಿ ಹೊಸದೇನಲ್ಲ. ಪ್ರೀಮಿಯಂ ಎಷ್ಟಾಯಿತು ಎಂದು ನೋಡುವ ನಮ್ಮ ಕಣ್ಣು ದಿನಗಳು ಎಷ್ಟಾದವು ಎಂದು ನೋಡುವುದಿಲ್ಲ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಬರೆಯಿರಿ. ಪ್ರಾಧಿಕಾರದ 2024ರ ಮೇ 29ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂಬುದನ್ನು ನಿರ್ದಿಷ್ಟವಾಗಿ ಬರೆಯಬೇಕು. ಈ ಎರಡನ್ನೂ ಹೆಸರಿಸಿ ಕೇಳಿ. ಎರಡು ವಾರದೊಳಗೆ ಅವರು ಉತ್ತರಿಸಬೇಕು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು, 155255ಕ್ಕೆ ಕರೆ ಮಾಡಿದರೂ ಆದೀತು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ₹50 ಲಕ್ಷದವರೆಗಿನ ವಿವಾದಗಳನ್ನು ಅವರು ನೋಡುತ್ತಾರೆ, ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ. ಅವರ ತೀರ್ಪನ್ನು ಕಂಪನಿ 30 ದಿನದೊಳಗೆ ಪಾಲಿಸದಿದ್ದರೆ ದಿನಕ್ಕೆ ₹5,000ದಂತೆ ನಿಮಗೆ ಕೊಡಬೇಕೆಂಬ ನಿಯಮವೂ ಆ ಸರ್ಕ್ಯುಲರ್‌ನಲ್ಲಿದೆ.

ಇನ್ನು ನಿಮ್ಮ ದುರ್ಬಲ ಜಾಗ ಯಾವುದೆಂದು ಕೇಳುತ್ತೇನೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಫಿಸಿಯೋಥೆರಪಿ ಎಂಬ ಪದ ಇದೆಯೇ?

ಉತ್ತರ: ತೆಂಗಿನ ತೋಟ, ಕಡೂರು

ಮೇಲಿನವರು ಬರೆದದ್ದನ್ನು ಓದಿ ಬಹಳ ತಿಳಿದುಕೊಂಡೆ. ಖಾಸಗಿ ಪಾಲಿಸಿ ಇಲ್ಲದವರ ಅನುಭವವೂ ಇಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ತೊಡೆಯ ಮೂಳೆಯ ಮೇಲ್ತುದಿ ಮುರಿದಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ಆಪರೇಷನ್ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಇದೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ 30 ಶೇಕಡದಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. ಆಪರೇಷನ್ನಿಗೆ ನಮ್ಮ ಕೈಯಿಂದ ಒಂದು ರೂಪಾಯಿಯೂ ಹೋಗಲಿಲ್ಲ, ಅದಕ್ಕೆ ನಾನು ಕೃತಜ್ಞ. ಆದರೆ ಅದು ಪ್ಯಾಕೇಜ್ ಲೆಕ್ಕದ ವ್ಯವಸ್ಥೆ. ಆಯುಷ್ಮಾನ್ ಭಾರತ್‌ನಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಗಳಷ್ಟೇ ಸೇರುತ್ತವೆ. ಹದಿನೈದನೆಯ ದಿನಕ್ಕೆ ನಮ್ಮ ತಂದೆ ಮಂಚದಿಂದ ಇಳಿದು ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗಲು ಕಲಿಯುತ್ತಿದ್ದರು. ನಿಜವಾಗಿ ಚಿಕಿತ್ಸೆ ಬೇಕಾದದ್ದು ಆಮೇಲೆ.

ಅಲ್ಲಿಂದ ಮುಂದೆ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ವಾರಕ್ಕೆ ಎರಡು ದಿನ ಚಿಕ್ಕಮಗಳೂರಿಗೆ ಹೋಗಿಬರುತ್ತಿದ್ದೆವು. ಚಿಕಿತ್ಸೆಗೆ ಹಣವೇ ಹತ್ತಲಿಲ್ಲ ಎನ್ನಬೇಕು, ಹೋಗಿಬರುವುದಕ್ಕೆ ಹತ್ತಿತು. ಮೊದಲ ತಿಂಗಳು ಬಸ್ಸಿನ ಮೆಟ್ಟಿಲು ಹತ್ತಲಾಗದೆ ಪ್ರತಿ ಸಲ ಬಾಡಿಗೆ ಕಾರು ಮಾಡಿದೆವು. ಮನೆಗೆ ಥೆರಪಿಸ್ಟ್ ಕರೆಸಿದ್ದರೆ ಅದಕ್ಕಿಂತ ಕಡಿಮೆಯಲ್ಲೇ ಆಗುತ್ತಿತ್ತೇನೋ. ಬಸ್ಸಿಗೆ ಬಂದ ಮೇಲೆ, ಜೊತೆಗೆ ಬರುವ ನಮ್ಮ ತಾಯಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಕಾಲು ಮುರಿದ ತಂದೆಗೆ ಪೂರಾ ಟಿಕೆಟ್. ‘ಬಿದ್ದದ್ದು ನಾನು, ಸವಾರಿ ನಿನ್ನದು’ ಎಂದು ಅವರು ದಾರಿಯುದ್ದಕ್ಕೂ ರೇಗಿಸುತ್ತಿದ್ದರು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿಯೂ ಇದೆ. 2018ರಲ್ಲಿ ನಿಂತುಹೋಗಿದ್ದ ಯೋಜನೆ ಮತ್ತೆ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗುತ್ತಿದೆ. ನಿಂತುಹೋದ ಆ ವರ್ಷಗಳಲ್ಲಿ ನಮ್ಮ ಸಂಘದ ಎಷ್ಟೋ ಜನ ನಿಶ್ಚಿತ ಆಪರೇಷನ್‌ಗಳನ್ನು ಮುಂದೂಡಿದ್ದನ್ನು ನಾನೇ ಕಂಡಿದ್ದೇನೆ. ಅಲ್ಲಿಯೂ ನಿಗದಿಯಾದ ಶಸ್ತ್ರಚಿಕಿತ್ಸೆಗಳ ಪಟ್ಟಿ ಇದೆ, ತಿಂಗಳುಗಟ್ಟಲೆ ನಡೆಯುವ ಫಿಸಿಯೋಥೆರಪಿಯನ್ನು ನಂಬಿಕೊಂಡು ಕೂರುವಂತಿಲ್ಲ. ಖಾಸಗಿ ಇರಲಿ, ಸರ್ಕಾರಿ ಇರಲಿ, ಹೊಲಿಗೆ ಬಿಚ್ಚುವವರೆಗೆ ಎಲ್ಲರೂ ಜೊತೆಗಿರುತ್ತಾರೆ.

ಉತ್ತರ: ಗೋನಿಯೋಮೀಟರ್, ಹಾಸನ

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ವಿಮೆಯ ಕಾನೂನು ನನ್ನ ಕ್ಷೇತ್ರವಲ್ಲ. ಆದರೆ ದಿನಗಳ ಮಿತಿ 90ರಿಂದ 60ಕ್ಕೆ ಇಳಿದರೆ ಕಾಲಿಗೆ ಏನಾಗುತ್ತದೆ ಎಂಬುದನ್ನು ಹೇಳಬಲ್ಲೆ.

ಮಂಡಿ ಕೀಲು ಬದಲಾಯಿಸಿದ ಮೇಲೆ ಮೊದಲ ಆರು ವಾರ ಬಹಳ ಬೆಲೆಬಾಳುವ ಕಾಲ. ಎರಡು ವಾರದ ಹೊತ್ತಿಗೆ ಮಂಡಿ ಸುಮಾರು 90 ಡಿಗ್ರಿ ಮಡಿಸುವಂತಾಗಬೇಕು, ಮೂರು ತಿಂಗಳೊಳಗೆ 110ರಿಂದ 120ರವರೆಗೆ ಬರಬೇಕು ಎಂದು ನಾವು ಗುರಿ ಇಟ್ಟುಕೊಳ್ಳುತ್ತೇವೆ. ಮಡಿಸುವುದರಷ್ಟೇ ಮುಖ್ಯವಾದದ್ದು ಪೂರ್ತಿ ನೇರ ಮಾಡುವುದು. ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಿಸುತ್ತಾರೆ. ನೋವು ಆ ಗಳಿಗೆಗೆ ಕಡಿಮೆಯಾಗುತ್ತದೆ, ಕಾಲು ಬಾಗಿಯೇ ಉಳಿದು ಮುಂದೆ ಕುಂಟುನಡಿಗೆ ಕಾಯಂ ಆಗುತ್ತದೆ. ಮೊದಲ ವಾರಗಳಲ್ಲಿ ಕೀಲಿನ ಸುತ್ತ ಗಾಯದ ಅಂಗಾಂಶ ಬಿಗಿದುಕೊಂಡರೆ, ಅರಿವಳಿಕೆ ಕೊಟ್ಟು ಮಂಡಿಯನ್ನು ಬಲವಂತವಾಗಿ ಮಡಿಸುವ ಸ್ಥಿತಿ ಬರುತ್ತದೆ. ಅದಕ್ಕೆ ಮತ್ತೆ ದಾಖಲಾತಿ, ಮತ್ತೆ ಕ್ಲೇಮು. ಹನ್ನೊಂದು ಸಿಟ್ಟಿಂಗ್‌ಗಳ ₹7,700 ಉಳಿಸಲು ಹೋದವರು ಈ ಲೆಕ್ಕವನ್ನೂ ಹಾಕಬೇಕಿತ್ತು.

2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಮಂಡಿಯ ಕೃತಕ ಕೀಲಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಒಳಗೆ ಕೂರಿಸುವ ಲೋಹದ ಬೆಲೆ ಕೊಂಡುಕೊಳ್ಳುವವರಿಗೆ ತಿಳಿದಿದೆ. ಅದನ್ನು ಬಳಸಲು ಕಲಿಸುವ ಚಿಕಿತ್ಸೆಯ ಬೆಲೆಯನ್ನು ಆಪರೇಷನ್ನಿಗೆ ಮುಂಚೆ ಯಾರೂ ಕೇಳುವುದಿಲ್ಲ, ನಮ್ಮವರೂ ಹೇಳುವುದಿಲ್ಲ.

ಒಂದು ಮಾತನ್ನು ತಪ್ಪು ತಿಳಿಯಬೇಡಿ. ನಿಮ್ಮ ತಾಯಿಯವರಿಗೆ ಫಿಸಿಯೋಥೆರಪಿ ಶುರುವಾದದ್ದು ಡಿಸ್ಚಾರ್ಜ್ ಆದ 16 ದಿನದ ಮೇಲೆ. ವಿಮೆಯ ಗಡಿಯಾರ ಡಿಸ್ಚಾರ್ಜ್ ದಿನದಿಂದಲೇ ಓಡುತ್ತದೆ, ಮೊದಲ ಸಿಟ್ಟಿಂಗ್‌ನಿಂದಲ್ಲ. ದೇಹದ ಗಡಿಯಾರವೂ ಹಾಗೆಯೇ. 60 ದಿನದ ಪಾಲಿಸಿಯಲ್ಲಿ ಹದಿನಾರು ದಿನ ಹೋದರೆ ಉಳಿಯುವುದು 44.

ಕಡೂರಿನವರು ಹೇಳಿದ ಪ್ರಯಾಣದ ಸಮಸ್ಯೆ ಮಲೆನಾಡಿನಲ್ಲಿ ಇನ್ನೂ ಹೆಚ್ಚು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ಗೆ ಬರುವ ಸಕಲೇಶಪುರ, ಆಲೂರು ಕಡೆಯ ರೋಗಿಗಳು ಮೊದಲ ಎರಡು ಸಲ ಬಂದು ಆಮೇಲೆ ಬಿಡುವುದಕ್ಕೆ ನೋವಿಗಿಂತ ದಾರಿಯೇ ಕಾರಣ. ವಾರಕ್ಕೆ ಮೂರು ದಿನ ಮನೆಗೆ ಕರೆಸಲು ಆಗದವರು, ಮೊದಲ ಆರು ವಾರದಲ್ಲಿ ಸಿಟ್ಟಿಂಗ್‌ಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡು, ನಂತರ ವಾರಕ್ಕೊಮ್ಮೆ ಅಳತೆ ನೋಡಿಸಿ, ಉಳಿದ ದಿನ ಹೇಳಿಕೊಟ್ಟ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ತಪ್ಪದೆ ಮಾಡಬಹುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಹತ್ತಿರ ಎಳೆಯುವುದು, ತೊಡೆಯ ಸ್ನಾಯು ಬಿಗಿಹಿಡಿಯುವುದು, ಕಾಲನ್ನು ನೇರವಾಗಿ ಮೇಲೆತ್ತುವುದು, ಇವಕ್ಕೆ ಯಂತ್ರ ಬೇಡ, ಪಕ್ಕದಲ್ಲಿ ಕೂತು ಎಣಿಸುವ ಒಬ್ಬರು ಬೇಕು.

ರಸೀದಿಯ ಬಗ್ಗೆ: ಪ್ರತಿ ಸಿಟ್ಟಿಂಗ್‌ನ ದಿನಾಂಕ, ಅಂದು ಕೊಟ್ಟ ಚಿಕಿತ್ಸೆ, ಥೆರಪಿಸ್ಟ್‌ನ ವಿದ್ಯಾರ್ಹತೆ ಮತ್ತು ಸಹಿ ಇರಬೇಕು. ಪ್ರಯಾಣದ ಖರ್ಚನ್ನು ಬೇರೆ ಸಾಲಿನಲ್ಲಿ ಬರೆದಿದ್ದರೆ ಆ ಭಾಗ ಸಿಗುವುದಿಲ್ಲ. ನಾನು ಪ್ರತಿ ವಾರ ಮಂಡಿಯ ಕೋನ ಅಳೆದು ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ. ಅಕ್ಟೋಬರ್ ಕೊನೆಯಲ್ಲಿ 65, ಡಿಸೆಂಬರ್‌ನಲ್ಲಿ 95 ಎಂಬಂಥ ಹಾಳೆ ಕೈಯಲ್ಲಿದ್ದರೆ, ಡಿಸೆಂಬರ್ ನಂತರವೂ ಚಿಕಿತ್ಸೆ ಏಕೆ ಬೇಕಾಯಿತು ಎಂದು ಯಾರೂ ವಾದ ಮಾಡಬೇಕಾಗಿಲ್ಲ.

ಪ್ರತಿಕ್ರಿಯೆ: ಹೇಮಾವತಿ ದಂಡೆ, ಸಕಲೇಶಪುರ

ಮೂವರಿಗೂ ಋಣಿ. ಹಳೇ ಕಡತದವರು ಊಹಿಸಿದ ದುರ್ಬಲ ಜಾಗ ನಿಜವಾಗಿಯೂ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ತಿಳಿಸಿದ ವ್ಯಾಯಾಮಗಳನ್ನು ಮುಂದುವರಿಸುವುದು’ ಎಂದಷ್ಟೇ ಇದೆ. ಫಿಸಿಯೋಥೆರಪಿ ಎಂಬ ಪದವೇ ಇಲ್ಲ. ಅಕ್ಟೋಬರ್ 25ರಂದು ಹೊಲಿಗೆ ತೋರಿಸಲು ಮೈಸೂರಿಗೆ ಹೋದಾಗ ಡಾಕ್ಟರು ಹೊರರೋಗಿ ಚೀಟಿಯಲ್ಲಿ ‘ಫಿಸಿಯೋಥೆರಪಿ, ವಾರಕ್ಕೆ ಮೂರು ಸಲ’ ಎಂದು ಬರೆದಿದ್ದರು. ಆ ಚೀಟಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿ ಡಬ್ಬಿಗೆ ಹಾಕಿದ್ದೆವು, ಕ್ಲೇಮಿನ ಜೊತೆ ಕಳುಹಿಸಿರಲಿಲ್ಲ.

ಉತ್ತರ: ಹಳೇ ಕಡತ, ಚಿಕ್ಕಮಗಳೂರು

ಆ ಚೀಟಿ ಸಿಕ್ಕಿತಲ್ಲ, ಅದೇ ನಿಮ್ಮ ಮುಖ್ಯ ದಾಖಲೆ. ಚಿಕಿತ್ಸೆ ಶುರುವಾಗುವ ಎರಡು ದಿನ ಮುಂಚೆ, ಅದೇ ಶಸ್ತ್ರಚಿಕಿತ್ಸಕರು ಬರೆದದ್ದಾದ್ದರಿಂದ, ಕ್ಲೇಮು ತಿರಸ್ಕೃತವಾದ ಮೇಲೆ ಹೋಗಿ ಬರೆಸಿಕೊಂಡು ಬಂದ ಪ್ರಮಾಣಪತ್ರಕ್ಕಿಂತ ಇದಕ್ಕೆ ಬೆಲೆ ಹೆಚ್ಚು. ಮೂಲ ಪ್ರತಿಯನ್ನು ಕೈಬಿಡಬೇಡಿ, ಸ್ಕ್ಯಾನ್ ಕಳುಹಿಸಿ.

ಪ್ರತಿಕ್ರಿಯೆ: ಹೇಮಾವತಿ ದಂಡೆ, ಸಕಲೇಶಪುರ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರಕ್ಕೆ ಹದಿಮೂರನೆಯ ದಿನ ಉತ್ತರ ಬಂತು. ದಾಖಲಾತಿಯ ದಿನ ಜಾರಿಯಲ್ಲಿದ್ದ ಪಾಲಿಸಿಯೇ ಅನ್ವಯ ಎಂದು ಒಪ್ಪಿ, 90 ದಿನಗಳನ್ನು ಮಾನ್ಯ ಮಾಡಿದ್ದಾರೆ. ₹500ರ ಮಿತಿ ಮತ್ತು ಕೋ-ಪೇ ಎರಡನ್ನೂ ತೆಗೆದಿದ್ದಾರೆ. ಎಕ್ಸ್‌ಕ್ಲೂಷನ್ 05ರ ವಿಷಯ ಉತ್ತರದಲ್ಲಿ ಎಲ್ಲಿಯೂ ಇಲ್ಲ, ಅದು ಮೊದಲ ಪತ್ರಕ್ಕೆ ಹೇಗೆ ಬಂದಿತ್ತೋ ಹಾಗೆಯೇ ಹೋಗಿದೆ.

ಮೂರು ಸಿಟ್ಟಿಂಗ್ ಮಾತ್ರ ಉಳಿದುಹೋದವು. ಡಿಸೆಂಬರ್ ಕೊನೆಯಲ್ಲಿ ಹಣ್ಣು ಕೊಯ್ಲಿನ ಗಡಿಬಿಡಿಯಲ್ಲಿ ಅಮ್ಮ ಮೂರು ದಿನದ ಹಣವನ್ನು ಒಟ್ಟಿಗೆ ಕೊಟ್ಟು, ದಿನಾಂಕಗಳಿಲ್ಲದ ಒಂದೇ ರಸೀದಿ ತೆಗೆದುಕೊಂಡಿದ್ದರು. ಅದನ್ನು ಬಿಟ್ಟು 27ಕ್ಕೆ ₹18,900 ಮಂಜೂರಾಗಿ, ಮೊದಲು ಕೊಟ್ಟದ್ದು ಕಳೆದು ₹10,350 ಖಾತೆಗೆ ಬಂದಿದೆ. ಉಳಿದ ₹2,100ಕ್ಕೆ ಒಂಬುಡ್ಸ್‌ಮನ್ ವರೆಗೆ ಹೋಗುವ ಮನಸ್ಸಿಲ್ಲ.

ಈಗ ಎಡ ಮಂಡಿಯ ಪ್ರಶ್ನೆ. ಈ ಸಲ 60 ದಿನ, ₹500, ಕೋ-ಪೇ ಎಲ್ಲವೂ ಅನ್ವಯಿಸುವುದು ಖಚಿತ. ಬೇರೆ ಕಂಪನಿಗೆ ಪಾಲಿಸಿ ಬದಲಾಯಿಸಿ ಆಮೇಲೆ ಮಾಡಿಸುವುದು ಒಳ್ಳೆಯದೇ, ಅಥವಾ ಇದರಲ್ಲೇ ಮುಗಿಸುವುದೇ?

ಉತ್ತರ: ಹಳೇ ಕಡತ, ಚಿಕ್ಕಮಗಳೂರು

ಪೋರ್ಟ್ ಮಾಡಿದರೆ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ದಾಟಿಸಿದರೆ, ನೀವು ಈಗಾಗಲೇ ಕಳೆದಿರುವ ಕಾಯುವ ಅವಧಿಯ (ಕೆಲವು ಕಾಯಿಲೆಗಳಿಗೆ ವಿಮೆ ಅನ್ವಯಿಸುವ ಮೊದಲು ಕಾಯಬೇಕಾದ ಕಾಲದ) ಲೆಕ್ಕ, ಹಳೆಯ ವಿಮಾ ಮೊತ್ತದ ಮಟ್ಟಿಗೆ, ಹೊಸ ಕಂಪನಿಗೂ ದಾಟುತ್ತದೆ. ಮೊತ್ತ ಹೆಚ್ಚಿಸಿಕೊಂಡರೆ ಹೆಚ್ಚಿದ ಭಾಗಕ್ಕೆ ಮಾತ್ರ ಹೊಸದಾಗಿ ಕಾಯಬೇಕು. ಈಗಿರುವ ಕಾಯಿಲೆಗಳಿಗೆ ಆ ಅವಧಿ 2024ರ ಏಪ್ರಿಲ್‌ನಿಂದ ಗರಿಷ್ಠ 36 ತಿಂಗಳು. ಆದರೆ ಒಂದು ಮಂಡಿ ಬದಲಾಗಿ, ಇನ್ನೊಂದಕ್ಕೆ ಡಾಕ್ಟರು ಸಲಹೆ ಕೊಟ್ಟಾಗಿರುವ 61ರ ಅರ್ಜಿದಾರರನ್ನು ಹೊಸ ಕಂಪನಿ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ, ಸಲಹೆಯನ್ನು ನೀವು ಮುಚ್ಚಿಡುವಂತೆಯೂ ಇಲ್ಲ. ಪೋರ್ಟ್ ಮಾಡಲು ನವೀಕರಣದ ಸಮಯವೇ ಆಗಬೇಕು, ಅಂದರೆ ನವೆಂಬರ್. ಅಷ್ಟು ದಿನ ಕಾಲು ಕಾಯುತ್ತದೆಯೇ ಎಂಬುದನ್ನು ಡಾಕ್ಟರು ಹೇಳಬೇಕು, ನಾನಲ್ಲ. ನನ್ನನ್ನು ಕೇಳಿದರೆ, ಇದರಲ್ಲೇ ಮುಗಿಸಿ.

ಉತ್ತರ: ಗೋನಿಯೋಮೀಟರ್, ಹಾಸನ

ಇದರಲ್ಲೇ ಮುಗಿಸುವುದಾದರೆ ಏಪ್ರಿಲ್ ಮೊದಲ ವಾರ ನೋಡಿ. ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿಯುವುದರೊಳಗೆ 60 ದಿನವೂ ಮುಗಿಯುತ್ತದೆ, ಥೆರಪಿಸ್ಟ್‌ನ ಬೈಕು ನಿಮ್ಮ ತೋಟದ ದಾರಿಯಲ್ಲಿ ಹೂತುಕೊಳ್ಳುವ ಭಯವಿರುವುದಿಲ್ಲ. ಥೆರಪಿಸ್ಟ್‌ನ ಜೊತೆ ಈಗಲೇ ಮಾತನಾಡಿ, ಡಿಸ್ಚಾರ್ಜ್ ಆದ ಮರುದಿನದಿಂದಲೇ ಬರುವಂತೆ ದಿನ ಗೊತ್ತುಮಾಡಿಕೊಳ್ಳಿ. ಆಪರೇಷನ್ನಿಗೆ ಮುಂಚಿನ ಮೂರ್ನಾಲ್ಕು ವಾರ ಎಡತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಿದರೆ ಆಮೇಲಿನ ದಾರಿ ಸುಲಭವಾಗುತ್ತದೆ, ಅದನ್ನು ಅಮ್ಮನವರು ಇವತ್ತಿನಿಂದಲೇ ಶುರು ಮಾಡಬಹುದು.

ಪ್ರತಿಕ್ರಿಯೆ: ಹೇಮಾವತಿ ದಂಡೆ, ಸಕಲೇಶಪುರ

ಏಪ್ರಿಲ್ 6ಕ್ಕೆ ಮೈಸೂರಿನಲ್ಲಿ ದಿನ ಸಿಕ್ಕಿದೆ. ಡಿಸ್ಚಾರ್ಜ್ ಸಮ್ಮರಿಯ ಕರಡನ್ನು ಸಹಿಗೆ ಮುಂಚೆ ನಮಗೆ ತೋರಿಸಿ ಎಂದು ಕೇಳಿಕೊಂಡಾಗ ಅಲ್ಲಿನ ಸಿಬ್ಬಂದಿ ಸ್ವಲ್ಪ ವಿಚಿತ್ರವಾಗಿ ನೋಡಿದರು, ಆದರೆ ಒಪ್ಪಿದ್ದಾರೆ. ಅಮ್ಮ ರಸೀದಿಗಳಿಗೆಂದು ಹಳೆಯ ಬಿಸ್ಕತ್ತಿನ ಡಬ್ಬಿ ತೊಳೆದು ಒಣಗಿಸಿ ಇಟ್ಟಿದ್ದಾರೆ.